ಪೇಟೆಂಟ್ ಸಿಗದ ಕೂಗು

ನಮ್ಮ ಓಣಿಯಲ್ಲಿ ಈಗ ಯಾರೂ ಯಾರನ್ನೂ ಬೈಯುವುದಿಲ್ಲ. ಆಟೋದವರು ಹಾರ್ನ್ ಒತ್ತದೆ ತಿರುವು ತೆಗೆದುಕೊಳ್ಳದ ಚಿತ್ತವಾಡ್ಗಿಯಲ್ಲಿ ಇದು ಸಣ್ಣ ಮಾತಲ್ಲ. ಬೈಯುತ್ತಿದ್ದ ಆ ಒಂದು ಬಾಯಿ ಹೋದ ಕಾರ್ತಿಕದಲ್ಲಿ ಮುಚ್ಚಿತು. ಆ ಡಾಕ್ಟರಮ್ಮನ ದವಾಖಾನೆ ಇದ್ದ ಜಾಗಕ್ಕೆ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಆದರೂ ಆಗಾಗ ಯಾರಾದರೊಬ್ಬರು ಎದೆ ಹಿಡಿದುಕೊಂಡು ಬಂದು, ಅಂಗಡಿಯವನ ಮುಂದೆ ನಿಂತು, "ಡಾಕ್ಟ್ರಮ್ಮ ಎಲ್ಲಿಗೆ ಹೋಗ್ಯಾರ್ರಿ?" ಎಂದು ಕೇಳುತ್ತಾರೆ. ಅವನು ಎದುರು ಮನೆಯ ನನ್ನ ಕಡೆ ಕೈ ತೋರಿಸುತ್ತಾನೆ. ನಾನು ವಕೀಲ. ಹೊಸಪೇಟೆ ಕೋರ್ಟಿನಲ್ಲಿ ಹೊಲದ ಬದು, ಮನೆಯ ಗೋಡೆ, ಅಣ್ಣತಮ್ಮಂದಿರ ಪಾಲು ಎನ್ನುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಕೆಮ್ಮಿಗೆ ನಾನೇನು ಮಾಡಲಿ? "ತೀರಿಕೊಂಡ್ರಪ್ಪಾ" ಎನ್ನುತ್ತೇನೆ. ನಾನೇ ಏನೋ ಮಾಡಿದೆ ಎನ್ನುವಂತೆ ನನ್ನನ್ನು ನೋಡಿ ಹೋಗುತ್ತಾರೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಅಲ್ಲಿಂದಲೇ ಬೈಯುತ್ತಾರೆ. ಒಮ್ಮೆ ಯಾವುದೋ ಸಂಘದವರು ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಸನ್ಮಾನ ಮಾಡುತ್ತೇವೆಂದು ಬಂದಿದ್ದರು. ಡಾಕ್ಟರಮ್ಮ ಆ ಶಾಲನ್ನು ಬೆಂಚಿನ ಮೇಲೆ ನಡುಗುತ್ತ ಕೂತಿದ್ದ ಚಳಿಜ್ವರದ ಮುದುಕಿಗೆ ಹೊದಿಸಿದರು. ಹಣ್ಣನ್ನು ಸಾಲಿನಲ್ಲಿದ್ದವರಿಗೆ ಹಂಚಿದರು. "ಮುಗೀತಲ್ಲ? ಇನ್ನ ನಡೀರಿ, ಪೇಷಂಟ್ ಅದಾರ" ಎಂದರು. ಫೋಟೋದವನು ಪಾಪ, ಬಂದ ತಪ್ಪಿಗೆ ಮುದುಕಿಯ ಫೋಟೋ ತೆಗೆದುಕೊಂಡು ಹೋದ.

ಅವರು ಎದೆರೋಗದ ಡಾಕ್ಟರು. ಸರಕಾರಿ ಕೆಲಸ ಮುಗಿದ ಮೇಲೆ ಸುಮ್ಮನೆ ಕೂರುವ ಜಾತಿಯಲ್ಲದ್ದರಿಂದ ಇಲ್ಲಿ ದವಾಖಾನೆ ಇಟ್ಟರು. ಮಂಗಳವಾರ ಮಾತ್ರ ಬಾಗಿಲು ಮುಚ್ಚಿ, ಬಸ್ಸು ಹತ್ತಿ ಸಂಡೂರಿಗೆ ಹೋಗಿ, ಗಣಿಯಲ್ಲಿ ಕೆಲಸ ಮಾಡುವವರ ಎದೆ ನೋಡಿ ಬರುತ್ತಿದ್ದರು. ಹೋಗುವಾಗ ಬಿಳಿ ಇದ್ದ ಕೋಟು ಬರುವಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅದನ್ನು ನನ್ನ ಗೇಟಿನ ಮುಂದೆಯೇ ಕೊಡವುತ್ತ, "ಇದು ಕೋಟಿಗೆ ಹತ್ತಿದ್ದು, ಹೋಕ್ಕೈತಿ ವಕೀಲ್ರ. ಒಳಗ ಹೋಗಿದ್ದು ಯಾವ ಸೋಪಿಗೆ ಹೋಕ್ಕೈತಿ?" ಎನ್ನುತ್ತಿದ್ದರು. ಕಾಣುವ ಕೆಂಪಿಗಿಂತ ಕಾಣದ ಕಲ್ಲಿನ ಪುಡಿ ಕೆಟ್ಟದ್ದು ಎಂಬುದು ಅವರ ಪಾಠ. ಕೆಮ್ಮು ಎಂದು ಬಂದ ಗಂಡಸನ್ನು ಅವರು ಮೊದಲು ಮಾತಾಡಿಸುತ್ತಿರಲಿಲ್ಲ. ಜೊತೆಗೆ ಬಂದ ಹೆಂಡತಿಯನ್ನು ಕೇಳುತ್ತಿದ್ದರು: "ಇವನ ಅಂಗಿ ಒಗದ ನೀರು ಎಷ್ಟನೇ ಸಲಕ್ಕ ತಿಳಿ ಆಗತೈತವ್ವ?" ಗಂಡಸರು ಸುಳ್ಳು ಹೇಳುತ್ತಾರೆ, ಬಕೆಟ್ಟು ಹೇಳುವುದಿಲ್ಲ ಎಂದು ಅವರ ನಂಬಿಕೆ.

ಬಾಯಿ ಜೋರು, ಕೈ ಮಾತ್ರ ಬಹಳ ಮೆತ್ತಗೆ. ರೋಗಿಯ ಬೆನ್ನಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ದವಡೆಯಲ್ಲಿದ್ದ ಲವಂಗ ಅಗಿಯುವುದನ್ನೂ ನಿಲ್ಲಿಸುತ್ತಿದ್ದರು. ಆಗ ಹೊರಗೆ ಯಾರಾದರೂ ಸ್ಕೂಟರ್ ಚಾಲೂ ಮಾಡಿದರೆ ಮುಗಿಯಿತು ಅವನ ಕಥೆ. "ಲೇ, ಒಬ್ಬರ ಉಸಿರು ಕೇಳಾಕತ್ತೀನಿ, ನಿಂದು ಬಂದ್ ಮಾಡಲೇ!" ಎಂಬ ಕೂಗು ಕಾಲುವೆಯ ತನಕ ಹೋಗುತ್ತಿತ್ತು.

ಅವರಿಗೆ ಆ ವಿಧಾನ ಹೊಳೆದದ್ದು ದುರ್ಗಪ್ಪನಿಂದ. ದುರ್ಗಪ್ಪ ನಮ್ಮ ಹಿಂದಿನ ಸಂದಿಯವನು. ಸಂಡೂರಿನ ಒಂದು ಗಣಿಯಲ್ಲಿ ಬಂಡೆಗೆ ತೂತು ಕೊರೆಯುವ ಮೆಷಿನ್ನಿನ ಕೆಲಸ, ಅದೂ ಕಂಟ್ರಾಕ್ಟರನ ಕೆಳಗೆ. ಶ್ರಾವಣದ ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆ ಮೇಳಕ್ಕೆ ಅವನೇ ಮುಂದು. ಡಾಕ್ಟರಮ್ಮನಿಗೆ ದೇವರ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಆದರೆ ದುರ್ಗಪ್ಪನ ಗಂಟಲಿಗೆ ಕಿಟಕಿ ತೆರೆದಿಟ್ಟು ಕೂರುತ್ತಿದ್ದರು. ಒಂದು ಶ್ರಾವಣದಲ್ಲಿ ಕೇಳುತ್ತ ಕೇಳುತ್ತ ಎದ್ದು ನಿಂತರು. "ಇವ ಸಾಲು ಮುರ್ಯಾಕತ್ತಾನ. ಹ್ವಾದ ವರ್ಷ ಒಂದ ಉಸಿರಿನ್ಯಾಗ ಹೇಳ್ತಿದ್ದ ಸಾಲು ಅದು" ಎಂದರು. ನನಗೇನೂ ಗೊತ್ತಾಗಲಿಲ್ಲ. ಅವರು ಮರುದಿನವೇ ದುರ್ಗಪ್ಪನನ್ನು ಎಳೆದು ತಂದು ಕೂರಿಸಿದರು. ಅವನಿಗೆ ಕೆಮ್ಮಿಲ್ಲ, ದಮ್ಮಿಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ. "ನಾ ಗಟ್ಟಿ ಅದೀನ್ರಿ ಮೇಡಂ" ಎಂದ. ಆಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ಗೊತ್ತಾಯಿತು, ಕಲ್ಲಿನ ಪುಡಿಯಿಂದ ಬರುವ ಎದೆರೋಗ ಆಗಷ್ಟೇ ಹೊಸ್ತಿಲು ದಾಟಿತ್ತು. ಗಣಿ ಬಿಡು ಎಂದರೆ ಅವನು ನಕ್ಕು, ಮರುದಿನ ಮತ್ತೆ ಅದೇ ಬಸ್ಸು ಹತ್ತಿದ.

ಅಲ್ಲಿಂದ ಅವರಿಗೆ ಅದೊಂದು ಹುಚ್ಚು ಹಿಡಿಯಿತು. ಬಂದ ಗಣಿ ಕೆಲಸದವರನ್ನೆಲ್ಲ ನಿಲ್ಲಿಸಿ, "ಗದ್ದಿ ಆ ಕಡಿ ಇರಾವನ್ನ ಕರದಂಗ 'ಓ' ಅನ್ನಪ್ಪಾ" ಎನ್ನುತ್ತಿದ್ದರು. ಬಾಯಿ ತೆಗೆದು 'ಆ' ಅನ್ನು ಎಂದರೆ ನಾಚಿಕೊಳ್ಳುವ ಜನ, ಗದ್ದೆಯ ಕೂಗು ಎಂದರೆ ಎದೆ ತುಂಬಿ ಕೂಗುತ್ತಿದ್ದರು. ಕಂಪ್ಲಿ, ಬುಕ್ಕಸಾಗರದ ಕಡೆ ಭತ್ತದ ಗದ್ದೆಯಲ್ಲಿ ಬೆಳೆದವರಿಗೆ ಅದನ್ನು ಕಲಿಸಬೇಕೇ? ಆ ಕೂಗನ್ನು ಫೋನಿನಲ್ಲಿ ಹಿಡಿದು, ಮತ್ತೆ ಮತ್ತೆ ಕೇಳಿ, ಕೂಗು ಮುಗಿಯುವ ಕಡೆ ಬರುವ ಒಂದು ಸಣ್ಣ ನಡುಕದಿಂದ ರೋಗವನ್ನು ಎಕ್ಸ್‌ರೇಗಿಂತ ಮೊದಲೇ ಗುರುತಿಸುವುದನ್ನು ಅವರು ಸಾಧಿಸಿದರು. ಆ ನಡುಕಕ್ಕೆ ಅವರಿಟ್ಟ ಹೆಸರು 'ಬಾಲ'. ಬಳ್ಳಾರಿಯಲ್ಲಿ ಡಾಕ್ಟರರ ಸಭೆಯೊಂದರಲ್ಲಿ ಅದನ್ನು ವಿವರಿಸಿದರು. ಭಾಷಣದ ವೀಡಿಯೊ ಅಂತರ್ಜಾಲಕ್ಕೆ ಬಂತು. "ನಾಕು ಮಂದಿ ಡಾಕ್ಟ್ರು ಕಲೀಲಿ, ಆ ಹುಡುಗರ್ನ ಧೂಳಿನಿಂದ ಜಲ್ದಿ ಹೊರಗ ತರ್ಲಿ" ಎಂಬುದೊಂದೇ ಅವರ ಆಸೆ.

ಕಲಿತರು. ಆದರೆ ಡಾಕ್ಟರುಗಳಲ್ಲ.

ಒಂದು ಸಂಜೆ ದುರ್ಗಪ್ಪ ಬಸ್ಸಿಳಿದವನು ಮನೆಗೂ ಹೋಗದೆ ನೇರವಾಗಿ ದವಾಖಾನೆಗೆ ಬಂದ. ನಾನೂ ಅಲ್ಲೇ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದೆ. "ಮೇಡಂ, ನಿಮ್ಮ ಕೂಗು ಗೇಟಿಗೆ ಬಂದೈತ್ರಿ" ಎಂದ. ಗಣಿಯ ಗೇಟಿನಲ್ಲಿ ಕಂಟ್ರಾಕ್ಟರನ ಕಡೆಯವನೊಬ್ಬ ಅಂಗೈಯಗಲದ ಡಬ್ಬಿ ಹಿಡಿದು ನಿಂತಿರುತ್ತಾನಂತೆ. ಅದರ ಮುಂದೆ ಓ ಎನ್ನಬೇಕು. ಹಸಿರು ದೀಪ ಬಂದರೆ ಒಳಗೆ, ಕೆಂಪು ಬಂದರೆ ಮನೆಗೆ. "ಯಾಕ ಅಂತ ಕೇಳಿದ್ರ, ಕೆಲಸ ಕಮ್ಮಿ ಐತಿ, ಅದಕ್ಕ ಅಂತಾರ್ರಿ. ಒಂದು ಚೀಟಿ ಸೈತ ಕೊಡೂದಿಲ್ಲ. ಮುಂದಿನ ವಾರ ನಮ್ಮ ಪಾಳಿಯವರ ಸರದಿ ಐತ್ರಿ."

ಡಾಕ್ಟರಮ್ಮನ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು. ಅವರು ಕಂಡುಹಿಡಿದದ್ದು ರೋಗಿಯನ್ನು ಉಳಿಸಲಿಕ್ಕೆ. ರೋಗದ ಹೆಸರು ಕಾಗದಕ್ಕೆ ಬರುವ ಮೊದಲೇ ರೋಗಿಯನ್ನು ಸಾಗಹಾಕಲಿಕ್ಕೆ ಅದು ಬಳಕೆಯಾಗುತ್ತಿತ್ತು. ಹೆಸರಿಲ್ಲದ ರೋಗಕ್ಕೆ ಯಾವ ಮಾಲೀಕ ಪರಿಹಾರದ ಹಣ ಕೊಡುತ್ತಾನೆ? ಕೆಂಪು ಬಂದರೆ ದುರ್ಗಪ್ಪನ ಅನ್ನ ಹೋಗುತ್ತದೆ. ಅವನ ಮಗಳು ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಹಸಿರು ಬಂದರೆ ಅದೇ ಧೂಳು, ಅದೇ ಎದೆ. ಅತ್ತ ದರಿ, ಇತ್ತ ಪುಲಿ.

ದುರ್ಗಪ್ಪ ಹೋದ ಮೇಲೆ ಅವರು ನನ್ನ ಕಡೆ ತಿರುಗಿದರು. "ಇದು ನಂದು ಹೌದಲ್ಲ? ನನಗ ರೊಕ್ಕ ಬ್ಯಾಡ, ಹೆಸರು ಬ್ಯಾಡ. 'ಹಿಂಗ ಮಾಡಬ್ಯಾಡ್ರಿ' ಅನ್ನೂ ಹಕ್ಕು ಬೇಕು. ಕೊಡಸ್ರಿ."

ಪೇಟೆಂಟು ಎಂದರೆ ಅದೇ ತಾನೆ, ಬೇರೆಯವರು ಮಾಡದಂತೆ ತಡೆಯುವ ಹಕ್ಕು. ರೋಗಪತ್ತೆಯ ವಿಧಾನಕ್ಕೆ ನಮ್ಮ ದೇಶದ ಕಾಯ್ದೆ ಪೇಟೆಂಟು ಕೊಡುವುದಿಲ್ಲ ಎಂಬುದು ಓದಿದ ಕೂಡಲೇ ತಿಳಿಯಿತು. ಆದರೆ ಆ ವೀಡಿಯೊ ನೋಡಿ ಡಬ್ಬಿ ತಯಾರಿಸುತ್ತಿದ್ದದ್ದು ಚೀನಾದ ಒಂದು ಕಂಪನಿ. "ಹಂಗಾರ ಅಲ್ಲೇ ತಡಿಯೋಣ. ಮೂಲದಾಗ ನೀರು ನಿಲ್ಲಿಸಿದ್ರ ಕಾಲುವಿಗೆ ಎಲ್ಲಿಂದ ಬರತೈತಿ?" ಎಂದರು. ತುಂಗಭದ್ರೆಯ ಅಣೆಕಟ್ಟಿನ ಕೆಳಗೆ ಬಾಳಿದವರ ಬುದ್ಧಿ ಹಾಗೆಯೇ ಓಡುತ್ತದೆ. ನಾನು ಆ ದೇಶದ ಕಾನೂನಿನ ಇಂಗ್ಲಿಷ್ ಅನುವಾದ ಹುಡುಕಿ ತೆಗೆದೆ. ಅಲ್ಲೂ ಅದೇ ಮಾತಿತ್ತು. ಅವರು ಒಪ್ಪಲಿಲ್ಲ. "ಅನುವಾದದಾಗ ಏನರ ಬಿಟ್ಟಿರ್ತಾರ. ಚೀನೀ ಓದಾಕ ಬರೋರು ಯಾರದಾರ?" ಎಂದರು.

ಇದ್ದ. ಹಂಪಿಯಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುವ ಗೈಡ್ ಒಬ್ಬ, ಕಮಲಾಪುರದವನು, ಚೀನೀ ಭಾಷೆ ಕಲಿತಿದ್ದ. ಅವನ ತಾಯಿಯ ದಮ್ಮಿಗೆ ಇವರೇ ಔಷಧ ಕೊಟ್ಟಿದ್ದರು. ಒಂದು ಮಧ್ಯಾಹ್ನ ಅವನ ಜೊತೆ ಬಜಾರಿನ ಕಲ್ಲುಮಂಟಪದ ನೆರಳಿನಲ್ಲಿ ಕೂತೆವು. "ಮೇಡಂ, ನಾ ರಾಜರ ಕಥಿ ಹೇಳಾವ್ರಿ, ಕಾನೂನು ಓದಾವ ಅಲ್ಲ" ಎಂದು ಹೆದರುತ್ತಲೇ ಫೋನಿನಲ್ಲಿದ್ದ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದ. "ಇಪ್ಪತ್ತೈದನೇ ಕಲಂ ಅಂತೈತ್ರಿ. ಯಾವ್ಯಾವುದಕ್ಕ ಹಕ್ಕು ಕೊಡೂದಿಲ್ಲ ಅಂದ್ರ... ವಿಜ್ಞಾನದ ಶೋಧ ಅಂತ. ಆಮ್ಯಾಲೆ ಬುದ್ಧಿಲೆ ಮಾಡೂ ಕೆಲಸದ ನಿಯಮ. ರೋಗ ಪತ್ತೆ ಮಾಡೂ ರೀತಿ, ವಾಸಿ ಮಾಡೂ ರೀತಿ. ಪ್ರಾಣಿ ತಳಿ, ಗಿಡದ ತಳಿ. ಅದಾದ ಮ್ಯಾಲೆ... ಅಣು ಒಡೆಯೂದು ಇರಬೇಕ್ರಿ ಇದು."

"ಅಣುಬಾಂಬಿನ ಪಂಕ್ತಿಯಾಗ ನನ್ನ ರೋಗಿ ಕೂಗು ಕುಂದರ್ಸ್ಯಾರ ನೋಡ್ರಿ!" ಎಂದು ಡಾಕ್ಟರಮ್ಮ ನಕ್ಕರು. ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದ ವಿದೇಶಿಯರು ತಿರುಗಿ ನೋಡುವಷ್ಟು ಜೋರು ನಗು. ಆಮೇಲೆ ಗೈಡನಿಗೆ ಇನ್ನೊಮ್ಮೆ ಓದಲು ಹೇಳಿದರು. ಅವನು ಇನ್ನೊಮ್ಮೆ ಓದಿದ. ಏನೂ ಬಿಟ್ಟುಹೋಗಿರಲಿಲ್ಲ. ಅವರು ಮತ್ತೂ ಒಮ್ಮೆ ಓದಿಸಿದರು. ಆಪರೇಷನ್ ಕೋಣೆಯ ಹೊರಗೆ ನಿಂತವರು ಹೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರಲ್ಲ, ಹಾಗಿತ್ತು ಅವರ ಮುಖ.

ನನ್ನ ಜೊತೆ ಲಾ ಓದಿದ ಒಬ್ಬಳು ಬೆಂಗಳೂರಿನಲ್ಲಿ ಪೇಟೆಂಟ್ ಕೆಲಸವನ್ನೇ ಮಾಡುತ್ತಾಳೆ. ಕೊನೆಗೆ ಅವಳಿಗೆ ಫೋನ್ ಹಚ್ಚಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವಳು ಸಮಾಧಾನದಿಂದಲೇ ಹೇಳಿದಳು. "ನೀವು ಮೊದಲೇ ಸಭೆಯಲ್ಲಿ ಹೇಳಿಬಿಟ್ಟಿದ್ದೀರಿ, ಹೊಸತು ಅನ್ನೋದು ಅಲ್ಲಿಗೇ ಹೋಯ್ತು. ಆದರೆ ಅದಕ್ಕೆ ಬೇಜಾರು ಮಾಡ್ಕೋಬೇಡಿ ಮೇಡಂ. ನೀವು ಯಾರಿಗೂ ಹೇಳದೆ ಮೊದಲು ನನ್ನ ಹತ್ರ ಬಂದಿದ್ರೂ ಸಿಗ್ತಿರಲಿಲ್ಲ. ಪತ್ತೆ ಮಾಡೋ ಯಂತ್ರಕ್ಕೆ ಕೊಡ್ತಾರೆ, ಪತ್ತೆ ಮಾಡೋ ವಿಧಾನಕ್ಕೆ ಕೊಡಲ್ಲ. ಆ ಕಂಪನಿ ತನ್ನ ಡಬ್ಬಿಯ ಒಳಗಿನ ಜೋಡಣೆಗೆ ಅರ್ಜಿ ಹಾಕಿದೆ. ಅವರಿಗೆ ಸಿಕ್ಕರೂ ಸಿಗಬಹುದು."

"ಅಂದ್ರ ತಗಡಿಗೆ ಸಿಗತೈತಿ, ಕಿವಿಗೆ ಇಲ್ಲ."

"ಹಾಗೇ ಅನ್ಕೊಳ್ಳಿ."

ಡಾಕ್ಟರಮ್ಮ ಅಷ್ಟಕ್ಕೆ ಬಿಡುವವರೇ? ಗೈಡ್ ಓದಿದ್ದರಲ್ಲಿ ಇನ್ನೊಂದು ಮಾತು ಅವರ ನೆನಪಿನಲ್ಲಿತ್ತು. ಜನಹಿತಕ್ಕೆ ಧಕ್ಕೆ ತರುವಂಥದ್ದಕ್ಕೂ ಆ ದೇಶದಲ್ಲಿ ಪೇಟೆಂಟು ಇಲ್ಲ. "ಹಂಗಾರ ಆ ಡಬ್ಬಿಗೂ ಕೊಡಬಾರ್ದು. ಅದರಿಂದ ಜನರ ಹೊಟ್ಟಿಮ್ಯಾಗ ಹೊಡಿಯಾಕತ್ತಾರ" ಎಂದು ಮೇಜು ಗುದ್ದಿದರು. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. "ಡಬ್ಬಿ ತಾನಾಗಿ ಯಾರಿಗೂ ಕೆಟ್ಟದ್ದು ಮಾಡಲ್ಲ ಮೇಡಂ. ಅದನ್ನ ಯಾರೋ ಕೆಟ್ಟದ್ದಕ್ಕೆ ಬಳಸ್ತಾರೆ ಅಂತ ಅರ್ಜಿ ತಳ್ಳಿಹಾಕೋದಕ್ಕೆ ಆಗಲ್ಲ. ತಳ್ಳಿಹಾಕಿದ್ರೂ ಏನಾಯ್ತು? ಅವರಿಗೆ ಪೇಟೆಂಟು ಇಲ್ಲ ಅಂತ ಆಗುತ್ತೆ ಅಷ್ಟೇ. ಡಬ್ಬಿ ಮಾರೋದು ನಿಲ್ಲಲ್ಲ."

ಆಮೇಲೆ ಡಾಕ್ಟರಮ್ಮ ದನಿ ತಗ್ಗಿಸಿ ಕೇಳಿದರು. "ಅಲ್ಲವ್ವ, ರೋಗ ಪತ್ತೆ ಮಾಡೂದಕ್ಕ ಯಾಕ ಕೊಡೂದಿಲ್ಲ ಅವರು?"

"ಡಾಕ್ಟರ ಕೈ ಕಟ್ಟಬಾರದು ಅಂತ. ರೋಗಿ ಮುಂದೆ ಕೂತಿರುವಾಗ ಈ ವಿಧಾನ ಇನ್ನೊಬ್ಬರ ಸ್ವತ್ತು, ಬಳಸೋ ಹಾಗಿಲ್ಲ ಅಂತ ಯಾವ ಡಾಕ್ಟರಿಗೂ ಆಗಬಾರದು ಅಂತ. ಮಾನವೀಯತೆ ಮೇಡಂ."

ಫೋನ್ ಇಟ್ಟ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ನಾನು ಏನಾದರೂ ಬೈಗುಳ ಬರಲಿ ಎಂದು ಕಾದೆ. ಬೈಯುವುದಕ್ಕೆ ಯಾರಾದರೂ ಸಿಕ್ಕರೆ ಅವರು ಸರಿಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೆ ಅವರು, "ಖರೇನ ಐತಲ್ರಿ ವಕೀಲ್ರ. ಆ ಕಾನೂನು ನನಗ ಬರಿಯಾಕ ಕೊಟ್ಟಿದ್ರೂ ನಾ ಹಿಂಗ ಬರೀತಿದ್ದೆ" ಎಂದರು. ನನಗೆ ಅಳುವೇ ಬಂತು. ಕೆಟ್ಟ ಕಾನೂನಿನ ಜೊತೆ ಜಗಳ ಆಡಬಹುದು. ಒಳ್ಳೆಯ ಕಾನೂನಿಗೆ ಎದುರು ನಿಂತು ಏನು ಮಾಡುವುದು?

ಮರುದಿನ ನಾವಿಬ್ಬರೂ ಸಂಡೂರಿಗೆ ಹೋಗಿ ಕಂಟ್ರಾಕ್ಟರನನ್ನು ಕಂಡೆವು. ಗದರಿಸಿ ಕಳಿಸಿದ್ದರೂ ಚೆನ್ನಾಗಿತ್ತು. ಅವನು ಎದ್ದು ನಿಂತು ಕೈಮುಗಿದ. "ಬರ್ರಿ ಮೇಡಂ, ಕುಂದ್ರಿ. ನಿಮ್ಮ ವೀಡಿಯೊ ನಾ ಪೂರಾ ನೋಡೀನ್ರಿ. ನಿಮ್ಮಿಂದ ನಮಗ ಭಾಳ ಉಪಕಾರ ಆಗೈತಿ" ಎಂದು ಚಹಾ ತರಿಸಿದ. ಕೆಂಪು ಬಂದವರಿಗೆ ಧೂಳಿಲ್ಲದ ಕಡೆ ಕೆಲಸ ಕೊಡಿ, ಅವರ ರೋಗವನ್ನು ಬರೆದು ಕೊಡಿ ಎಂದು ಇವರು ಕೇಳಿದರು. "ರೋಗ ಅಂತ ನಾ ಹೆಂಗ ಬರೀಲ್ರಿ? ನಾ ಡಾಕ್ಟ್ರಲ್ಲ. ಡಬ್ಬಿ ಕೆಂಪು ಅಂತು, ನಾ ಕೆಲಸ ಇಲ್ಲ ಅಂದೆ" ಎಂದ. ನಾನು ಕಾನೂನು ಮಾತಾಡಿದೆ. ಕೋರ್ಟಿಗೆ ಹಾಕಿ ಸಾರ್, ಅದು ನಿಮ್ಮ ಹಕ್ಕು ಎಂದು ನಗುತ್ತಲೇ ಹೇಳಿದ. ಆಮೇಲೆ ಹಾಕಿಯೂ ನೋಡಿದೆ. ನೇಮಕಾತಿಯ ಕಾಗದವೇ ಇಲ್ಲದ ಆಳುಗಳು, ಕಾರಣವೇ ಹೇಳದೆ ತೆಗೆದ ಮಾಲೀಕ. ಆ ಕೇಸು ಇನ್ನೂ ತಾರೀಖಿನಿಂದ ತಾರೀಖಿಗೆ ತೆವಳುತ್ತಿದೆ. ಅವತ್ತು ಅವನ ಚಹಾವನ್ನು ಡಾಕ್ಟರಮ್ಮ ಮುಟ್ಟಲಿಲ್ಲ. ಮರಳಿ ಬಂದ ಮೇಲೆ ನನ್ನ ಗೇಟಿನ ಮುಂದೆ ಕೋಟನ್ನು ಕೊಡವಲೂ ಇಲ್ಲ.

ಗಣಿಯನ್ನೇ ಬಿಡು ಎಂದು ಅವರು ದುರ್ಗಪ್ಪನ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಪರಿಚಯದವರಿಗೆಲ್ಲ ಹೇಳಿ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಹುಡುಕಿದರು. ತಾವೇ ಅವನ ಜೊತೆ ಹೋಗಿ ಗಿರಣಿಯ ಬಾಗಿಲಲ್ಲಿ ನಿಂತರು. ಒಳಗೆ ತೌಡು, ಹೊಟ್ಟು ಹಾರಿ ಎದುರು ನಿಂತವರ ಮುಖ ಕಾಣುತ್ತಿರಲಿಲ್ಲ. "ಮೇಡಂ, ಇಲ್ಲಿ ಧೂಳು ಬೆಳ್ಳಗೈತ್ರಿ" ಎಂದನಂತೆ ದುರ್ಗಪ್ಪ. ಹೊರಗೆ ಬಂದು ಇಬ್ಬರೂ ಒಂದೊಂದು ಬಾಳೆಹಣ್ಣು ತಿಂದು ಮರಳಿದರು. ಮಲಪನಗುಡಿಯ ಶಾಲೆಯೊಂದರಲ್ಲಿ ಕಾವಲಿನ ಕೆಲಸ ಇತ್ತು. ಅದು ಬೇರೆ ಯಾರಿಗೋ ಆಗಿಹೋಗಿತ್ತು.

ಗೇಟಿನ ಪಾಳಿಗೆ ಮೊದಲಿನ ಸಂಜೆ ದುರ್ಗಪ್ಪ ದವಾಖಾನೆಗೆ ಬಂದು ಸ್ಟೂಲಿನ ಮೇಲೆ ಕೂತ. "ಮೇಡಂ, ನನ್ನ ಎದಿ ನನಗ ಗೊತ್ತೈತಿ. ಮಗಳದು ಇದೊಂದು ವರ್ಷ ಮುಗದು ಹೋಗ್ಲಿ. ಡಬ್ಬಿ ಮುಂದ ಹೆಂಗ ಕೂಗಬೇಕು, ಅದೊಂದು ಹೇಳಿಬಿಡ್ರಿ" ಎಂದ.

ಅವರು ಅವನನ್ನು ಬೈದರು. ಆ ದಿನ ಬೈದಂತೆ ಯಾವತ್ತೂ ಬೈದದ್ದನ್ನು ನಾನು ಕೇಳಿಲ್ಲ. ಅವನ ತಾತನನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೂತೇ ಇದ್ದ. ಬೈದು ಬೈದು ದಣಿದು, ಬಾಯಿಯಲ್ಲಿದ್ದ ಲವಂಗವನ್ನು ಉಗಿದು, ಎದ್ದು ಬಂದು ಅವನ ಬೆನ್ನ ಮೇಲೆ ಕೈ ಇಟ್ಟರು. "ಜೋರಾಗಿ ಕೂಗಬ್ಯಾಡ. ಮೆತ್ತಗ ಹಿಡಿ, ಹೊಟ್ಟಿಯಿಂದ. ಬಾಲ ಬರೂದ್ರೊಳಗ ನಿಲ್ಸಿಬಿಡು. ನಿನಗ ಇನ್ನೂ ಉಸಿರು ಐತಿ ಅನಿಸಿದಾಗ ನಿಲ್ಸಬೇಕು, ತಿಳೀತಾ?" ಅವನು ಕೂಗಿದ. "ತಡ ಆತು. ಇನ್ನೊಮ್ಮೆ" ಎಂದರು. ತಾವು ವರ್ಷಗಟ್ಟಲೆ ಕಿವಿ ಸವೆಸಿ ಹಿಡಿದದ್ದನ್ನು ಮುಚ್ಚಿಡುವುದು ಹೇಗೆಂದು ತಾವೇ ಕಲಿಸುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಕೈ ಮಾತ್ರ ಅವನ ಬೆನ್ನಿನ ಮೇಲಿಂದ ಸರಿಯಲಿಲ್ಲ. ಆ ರಾತ್ರಿಯೇ ದುರ್ಗಪ್ಪನ ಪಾಳಿಯ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಯಾರನ್ನೂ ಮರಳಿ ಕಳಿಸಲಿಲ್ಲ.

ಮರುದಿನ ಗೇಟಿನ ಪಾಳಿ ಮುಗಿಸಿಕೊಂಡು ದುರ್ಗಪ್ಪ ಪೇಡೆಯ ಪೊಟ್ಟಣ ಹಿಡಿದು ಓಣಿಯ ತುದಿಯಿಂದಲೇ ಕೂಗುತ್ತ ಬಂದ. "ಹಸಿರು ಬಂತ್ರೀ ಮೇಡಂ! ಹಸಿರು ಬಂತು!" ಪರೀಕ್ಷೆ ಪಾಸಾದ ಹುಡುಗನ ಹಾಗೆ ಅವನ ಮುಖ ಅರಳಿತ್ತು. ಹೇಗೆ ಕೂಗಿದೆ ಎಂದು ತೋರಿಸಲು ಬಾಗಿಲಲ್ಲೇ ನಿಂತು ಇನ್ನೊಮ್ಮೆ ಓ ಎಂದ. ನನಗೆ ಆ ಕೂಗು ಸ್ವಚ್ಛವಾಗಿ ಕೇಳಿಸಿತು. "ಮಸ್ತ್ ಐತಿ" ಎಂದೂ ಹೇಳಿದೆ. ಡಾಕ್ಟರಮ್ಮ ಪೇಡೆ ಬಾಯಿಗೆ ಹಾಕಿಕೊಂಡು, "ಮಗಳಿಗೆ ಫೋನ್ ಮಾಡಿ ಹೇಳು ಹೋಗು" ಎಂದು ಅವನನ್ನು ಕಳಿಸಿದರು. ಅವನು ತಿರುವು ದಾಟುವವರೆಗೂ ನೋಡುತ್ತಿದ್ದರು.

"ವಕೀಲ್ರ, ಡಬ್ಬಿಗೆ ಕೇಳಿಸ್ಲಿಲ್ಲ" ಎಂದರು. "ನನಗ ಕೇಳಿಸ್ತು."

ಅದಾದ ಮೇಲೆ ಅವರ ಬೈಗುಳದಲ್ಲಿ ಮೊದಲಿನ ಖಾರ ಉಳಿಯಲಿಲ್ಲ. ಸಂಡೂರಿಗೆ ಹೋಗುವುದನ್ನು ಬಿಡಲಿಲ್ಲ, ಹೋಗಿ ಬಂದರೆ ಮಾತಾಡುತ್ತಿರಲಿಲ್ಲ. ಭಜನೆಯ ದಿನ ಕಿಟಕಿ ಹಾಕಿಕೊಳ್ಳುತ್ತಿದ್ದರು. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಎದ್ದವರು ಚಹಾಕ್ಕೆ ನೀರಿಟ್ಟು ಹಾಗೇ ಕುಸಿದರು. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಗಣಿಯವರು. ಹೊತ್ತುಕೊಂಡು ನಡೆಯುವಾಗ ಅವರೆಲ್ಲ ಬೇಗ ಬೇಗ ಹೆಗಲು ಬದಲಾಯಿಸಿಕೊಳ್ಳುತ್ತಿದ್ದರು.

ದುರ್ಗಪ್ಪನ ಮಗಳ ಓದು ಮುಗಿದಿದೆ. ಅವಳ ಮದುವೆ ಒಂದು ಆಗಿಹೋಗಲಿ ಎಂದು ಅವನು ಈಗಲೂ ಗಣಿಗೆ ಹೋಗುತ್ತಾನೆ. ಈ ಶ್ರಾವಣದ ಶನಿವಾರ ನಾನೂ ಗುಡಿಗೆ ಹೋಗಿದ್ದೆ. ಮೇಳದಲ್ಲಿ ಕೂತವರೆಲ್ಲ ಅವನ ಪಾಳಿಯವರೇ. ದುರ್ಗಪ್ಪ ಸಾಲು ಎತ್ತಿ, ಮೆತ್ತಗೆ ಹಿಡಿದು, ಮುಗಿಯುವ ಮೊದಲೇ ನಿಲ್ಲಿಸಿದ. ಹಿಂದಿನವರೂ ಅಲ್ಲಿಗೇ ನಿಲ್ಲಿಸಿದರು. ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡು ಉಳಿದ ಅರ್ಧವನ್ನು ಎತ್ತಿಕೊಂಡರು. ಕಂಪ್ಲಿಯಿಂದ ಬಂದಿದ್ದ ನೆಂಟನೊಬ್ಬ ತಲೆದೂಗಿ, "ಭಾಳ ಚಂದ ಐತ್ರಿ ಈ ಧಾಟಿ. ನಮ್ಮ ಕಡಿ ಕೇಳಿಲ್ಲ. ಯಾರು ಕಲಿಸಿದ್ದು?" ಎಂದು ಕೇಳಿದ.

"ನಮ್ಮ ಡಾಕ್ಟ್ರಮ್ಮ ಕಲಿಸಿದ್ದು" ಎಂದ ದುರ್ಗಪ್ಪ. ಇನ್ನೂ ಏನೋ ಹೇಳುವವನಿದ್ದ. ತಾಳ ಕೆಳಗಿಟ್ಟು, ಗೋಡೆಗೆ ಕೈ ಊರಿ, ಉಸಿರು ಬರಲೆಂದು ಕಾದ.